ಗಂಟಿಗೊಂದು ಕಿವಿ

ನನ್ನ ಕೈಯಲ್ಲಿ ಒಂದು ದೋಷವಿದೆ. ನಾನು ಹಾಕಿದ ಗಂಟು ನಿಲ್ಲಬೇಕಾದಲ್ಲಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಬೇಕಾದಲ್ಲಿ ಜಪ್ಪಯ್ಯ ಅಂದರೂ ಬಿಚ್ಚುವುದಿಲ್ಲ. ನನ್ನ ಧೋತರದ ಗಂಟು ಮೊದಲ ಜಾತಿಯದು, ಪೈಜಾಮದ ಲಾಡಿಯದು ಎರಡನೆಯ ಜಾತಿಯದು. ಎರಡರಿಂದಲೂ ಆದ ಅವಮಾನಗಳನ್ನು ಇಲ್ಲಿ ಬಿಚ್ಚಿಡುವುದು ಬೇಡ.

ಹುನಗುಂದದಲ್ಲಿ ಹುಟ್ಟಿದವನಿಗೆ ಈ ದೋಷ ಇರಬಾರದಿತ್ತು. ನಮ್ಮದು ಎರೆ ಹೊಲ, ಬಿಳಿಜೋಳದ ಸೀಮೆ. ಹಿಂಗಾರಿ ಸುಗ್ಗಿ ಬಂತೆಂದರೆ ಊರಿಗೆ ಊರೇ ಏನನ್ನಾದರೂ ಕಟ್ಟುತ್ತಿರುತ್ತದೆ. ಕಣಿಕೆಯ ಸೂಡಿಗಂತೂ ಹಗ್ಗವೇ ಬೇಡ. ಎರಡು ದಂಟು ಹೊಸೆದು, ಸುತ್ತಿ, ತುದಿ ಒಳಗೆ ತುರುಕಿದರೆ ಬಣವೆ ಏರುವ ತನಕ ಅಲುಗುವುದಿಲ್ಲ. ಎತ್ತಿಗೆ ಕಣ್ಣಿ, ನೊಗಕ್ಕೆ ಮಿಣಿ, ಚೀಲಕ್ಕೆ ಸುತಳಿ. ಪುಂಡಿ ಬೆಳೆದರೆ ಎಲೆ ಪಲ್ಯಕ್ಕೆ, ನಾರು ಹಗ್ಗಕ್ಕೆ. ನಾನು ಮಾತ್ರ ಚಿಕ್ಕಂದಿನಿಂದಲೂ ಎಲೆಯ ಪಕ್ಷದವನಾಗಿಯೇ ಉಳಿದೆ.

ನಮ್ಮ ಮನೆಯಲ್ಲಿ ಗಂಟಿನ ವಿದ್ಯೆ ಆಯಿಯದು. ಇಳಕಲ್ಲ ಸೀರೆಯ ಕೆಂಪು ಸೆರಗಿನಲ್ಲಿ ಆಕೆ ಎಂಟಾಣೆ ಕಟ್ಟಿಟ್ಟಳೆಂದರೆ ಕಳ್ಳರಿರಲಿ, ಮೊಮ್ಮಕ್ಕಳಿಂದಲೂ ಬಿಚ್ಚಲಾಗುತ್ತಿರಲಿಲ್ಲ. ಜಾತ್ರೆಯಲ್ಲಿ ಮಿಠಾಯಿಯ ಮುಂದೆ ನಿಂತಾಗ ಅದೇ ಗಂಟು ಅವಳ ಎರಡು ಬೆರಳಿಗೆ ಹೂವಿನಂತೆ ಅರಳುತ್ತಿತ್ತು. ಆ ಸೆರಗೂ ಸಾಮಾನ್ಯದ್ದಲ್ಲ. ಇಳಕಲ್ಲ ಸೀರೆಯ ಮೈಗೆ ಒಂದು ಹಾಸು, ಸೆರಗಿಗೆ ಬೇರೆಯೇ ಹಾಸು. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಈ ಕೆಲಸಕ್ಕೆ ನೇಕಾರರು ಟೋಪ ತೆನಿ ಎನ್ನುತ್ತಾರೆ. ಇದಕ್ಕಾಗಿ ಪ್ರತಿ ಸೀರೆಗೂ ಹಾಸು ಹೊಸದಾಗಿ ಸಿದ್ಧವಾಗಬೇಕು. ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಆಯಿಯ ಸೆರಗಿನ ಗಂಟಿಗೆ ಇನ್ನೂ ಯಾರೂ ಕೊಟ್ಟಿಲ್ಲ.

ಹೀಗಿರುವಾಗ ಇಂಗ್ಲಿಷರು ಜಾರುವ ಗಂಟಿಗೆ ‘ಗ್ರ್ಯಾನಿ ನಾಟ್’, ಅಂದರೆ ಅಜ್ಜಿಯ ಗಂಟು ಎಂದು ಹೆಸರಿಟ್ಟಿದ್ದಾರೆ. ಮೊದಲು ಬಲದ ತುದಿ ಎಡದ ಮೇಲೆ, ಆಮೇಲೆ ಎಡದ ತುದಿ ಬಲದ ಮೇಲೆ ಹಾಯ್ದರೆ ಗಂಟು ಚಪ್ಪಟೆಯಾಗಿ ನೆಟ್ಟಗೆ ಕೂರುತ್ತದೆ. ಎರಡು ಸಲವೂ ಬಲದ್ದೇ ಮೇಲೆ ಬಂದರೆ ಸೊಟ್ಟಗಾಗಿ ಜಾರುತ್ತದೆ. ಈ ಎರಡನೆಯದು ಅವರ ಅಜ್ಜಿಯದಂತೆ. ಅವರ ಅಜ್ಜಿಯರ ಸುದ್ದಿ ನನಗೆ ಬೇಡ. ಹುನಗುಂದದಲ್ಲಿ ಅದು ಮೊಮ್ಮಗನ ಗಂಟು.

ಇದಕ್ಕೆ ಸಾಕ್ಷಿ ಒಂದು ಬಸ್ಸು ತುಂಬ ಇದ್ದರು. ಕೆಲಸ ಸಿಕ್ಕು ಬೆಂಗಳೂರಿಗೆ ಹೊರಟ ವರ್ಷ ಅವ್ವ ಒಂದು ಚೀಲ ಜೋಳ ಕೊಟ್ಟಿದ್ದಳು. ‘ನಾನ ಕಟ್ಟತೇನಿ’ ಎಂದು ಬಾಯಿ ಬಿಗಿದೆ. ಹಮಾಲ ಅದನ್ನು ಬಸ್ಸಿನ ಮೇಲೆ ಅಡ್ಡ ಮಲಗಿಸಿದ. ಬಸ್ಸು ನಿಲ್ದಾಣದ ಗುಂಡಿ ದಾಟುತ್ತಲೇ ಕಿಟಕಿಯಲ್ಲಿ ಕೈಬೀಸುತ್ತಿದ್ದವರ ಮೇಲೂ, ಕೆಳಗೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದವರ ಮೇಲೂ ಬಿಳಿಜೋಳದ ಅಕ್ಷತೆ ಬಿತ್ತು. ಕಂಡಕ್ಟರ್ ಟೋಪಿ ತೆಗೆದು ಕೊಡವಿ, “ಲಗ್ನ ಯಾರದ್ರೀ?” ಎಂದು ಕೇಳಿದ.

ಕಳಿಸಲು ಬಂದಿದ್ದ ಕಾಕಾ ನಗಲಿಲ್ಲ. ಉಳಿದ ಜೋಳ ತುಂಬಿ, ಚೀಲದ ಮುಂದೆ ನನ್ನನ್ನು ಕೂರಿಸಿದ.

“ತಮ್ಮಾ, ಕುತಿಗಿಗೆ ಒಂದು ಸುತ್ತು ಹಾಕು. ಸುತ್ತಿ ಬಂದ ತುದಿ ಮೊದಲಿನ ಎಳಿ ಮ್ಯಾಲ ಅಡ್ಡ ಹಾಯಲಿ. ಹಂಗ ಇನ್ನೊಂದು ಸುತ್ತು. ಈಗ ಅದನ್ನ ಮೊದಲಿನ ತುದಿ ಮ್ಯಾಲಿಂದ ತಂದು, ಅಡ್ಡ ಕೂಡಿದಲ್ಲೆ ಎರಡೂ ಎಳಿ ತಳಗ ತೂರಿಸು. ಎರಡೂ ಕಡೆ ಜಗ್ಗು.”

ಜಗ್ಗಿದೆ. ತುದಿಗಳು ಒಂದಕ್ಕೊಂದು ತೆಕ್ಕೆ ಬಿದ್ದವು. ಅಡ್ಡ ಎಳೆ ಅವುಗಳ ಬೆನ್ನೇರಿ ಕೂತಿತು. ಚೀಲದ ಕುತ್ತಿಗೆ ಕಡ್ಡಿಯಂತಾಯಿತು.

“ಬಿಚ್ಚೂದು ಹೆಂಗ ಕಾಕಾ?”

“ಹಿಂಗ ಹಾಕಿದರ ಕುಡಗೋಲೇ ಗತಿ. ಅದಕ್ಕ ಕಡೀಗೆ ತುದಿ ಪೂರಾ ತೂರಸಬ್ಯಾಡ, ಮಡಚಿ ತೂರಸು. ಗಂಟಿಗೆ ಒಂದು ಕಿವಿ ಇರಲಿ. ಬೇಕಾದಾಗ ಆ ತುದಿ ಜಗ್ಗು. ಕಿವಿ ಇದ್ದವರಷ್ಟ ಮಾತು ಕೇಳತಾರ.”

ಬೆಂಗಳೂರಿನಲ್ಲಿ ಈ ಗಂಟು ನನಗೆ ಮರ್ಯಾದೆ ತಂದಿತು. ನಲ್ಲಿಗೆ ಪೈಪು, ರದ್ದಿಗೆ ಹುರಿ, ಮುರಿದ ಪೊರಕೆಗೆ ಸೊಂಟಪಟ್ಟಿ, ಎಲ್ಲಕ್ಕೂ ಅದೇ. ಉತ್ಸಾಹ ಹೆಚ್ಚಾಗಿ ಕುಂಡದ ಟೊಮೆಟೊ ಗಿಡವನ್ನೂ ಕೋಲಿಗೆ ಹಾಗೇ ಬಿಗಿದೆ. ಕಾಂಡ ದಪ್ಪವಾದಂತೆ ದಾರ ಒಳಗಿಳಿದು ಗಿಡ ಸೊರಗಿತು. ಊರಿಗೆ ಹೋದಾಗ ಕಾಕಾನಿಗೆ ಹೇಳಿದೆ. “ಬೆಳಿಯೂದಕ್ಕ ಸಡ್ಲ ಕಟ್ಟಬೇಕು. ಬಿಗಿ ಚೀಲಕ್ಕಷ್ಟ” ಎಂದ.

ನನಗೂ ಸ್ವಲ್ಪ ಓದಿದ ಜಂಬವಿತ್ತು. ಅಮೆರಿಕದ ಕ್ಲಿಫರ್ಡ್ ಆ್ಯಶ್ಲಿ 1944ರಲ್ಲಿ ಗಂಟುಗಳದ್ದೇ ಒಂದು ದಪ್ಪ ಪುಸ್ತಕ ತಂದನೆಂದೂ, ಅದರಲ್ಲಿ 3,800ಕ್ಕೂ ಹೆಚ್ಚು ನಂಬರುಗಳಿವೆಯೆಂದೂ, ನಮ್ಮದಕ್ಕೆ 1249ನೇ ನಂಬರು, ‘ಕನ್‌ಸ್ಟ್ರಿಕ್ಟರ್’ ಎಂಬ ಹೆಸರೆಂದೂ, ಇದರ ಅಣ್ಣತಮ್ಮಂದಿರಿಗೆ ಇಂಗ್ಲಿಷಿನಲ್ಲಿ ಗಿರಣಿಯವರ ಗಂಟು ಎನ್ನುತ್ತಾರೆಂದೂ ವಿವರಿಸಿದೆ. ಕಾಕಾ ಎಲೆ ಅಡಿಕೆ ಮೆಲ್ಲುತ್ತ ಪೂರ್ತಿ ಕೇಳಿದ.

“ಉಳಿದವೆಲ್ಲಾ ಯಾರಿಗೆ ಬೇಕೋ? ಚೀಲ ಒಂದ ಐತಿ.”

ನಿಮ್ಮ ಮನೆಯಲ್ಲೂ ಒಂದು ಚೀಲ ಇದ್ದೇ ಇರುತ್ತದೆ. ಇವತ್ತೇ ಕಟ್ಟಿ ನೋಡಿ. ಕಿವಿ ಬಿಡುವುದು ಮರೆತಿರಾದರೆ ಕುಡಗೋಲು ಕೈಗೆ ಸಿಗುವಂತಿರಲಿ.