ಎರಡೂವರೆಯಲ್ಲಿನ ಆ ಅರ್ಧ: ಸ್ಟಾರ್ ರೇಟಿಂಗ್ ಜೊತೆ ಒಂದು ಕಾಲ್ಪನಿಕ ಸಂದರ್ಶನ

ಶುಕ್ರವಾರ ಬಿಡುಗಡೆ, ಶನಿವಾರ ತೀರ್ಪು. ಆ ತೀರ್ಪಿನ ನೆತ್ತಿಯ ಮೇಲೆ ಕೂರುವವರಲ್ಲಿ ಎಲ್ಲರಿಗಿಂತ ಹೆಚ್ಚು ದುಡಿಯುವವನು ಅರ್ಧ ಸ್ಟಾರ್. ಎರಡರ ಪಕ್ಕ ನಿಂತರೆ ‘ಒಮ್ಮೆ ನೋಡಬಹುದು’, ಮೂರರ ಪಕ್ಕ ನಿಂತರೆ ‘ಚೆನ್ನಾಗಿದೆ, ಆದರೂ...’. ವಿಮರ್ಶಕನ ಮನಸ್ಸು ಗಟ್ಟಿಯಿಲ್ಲದಾಗಲೆಲ್ಲ ಕರೆ ಬರುವುದು ಇವನಿಗೇ. ಪೂರ್ಣ ಸ್ಟಾರ್‌ಗಳಿಗೆ ಕಟೌಟು, ಹಾರ, ಹಾಲಿನ ಅಭಿಷೇಕ. ಇವನ ಹೆಸರಿನಲ್ಲಿ ಒಂದು ಅಭಿಮಾನಿ ಸಂಘವೂ ನೋಂದಣಿಯಾಗಿಲ್ಲ. ಹಾರರ್, ಹಾಸ್ಯ, ಕಲಾತ್ಮಕ, ಮಾಸ್ ಎನ್ನದೆ ಎಲ್ಲ ಸಿನಿಮಾಗಳ ಬಾಗಿಲಲ್ಲೂ ನಿಂತು ಬಂದವನಾದ್ದರಿಂದ, ವಿಮರ್ಶಕರು ಬೇರೆ ಬೇರೆ ಬಗೆಯ ಚಿತ್ರಗಳನ್ನು ಹೇಗೆ ತೂಗುತ್ತಾರೆ ಎಂದು ಕೇಳಲು ಇವನಿಗಿಂತ ಒಳ್ಳೆಯ ಸಾಕ್ಷಿ ಇಲ್ಲ.

ಪ್ರಶ್ನೆ: ಮೊದಲು ನಿಮ್ಮ ವಂಶದ ಬಗ್ಗೆ ಹೇಳಿ.

ಅರ್ಧ ಸ್ಟಾರ್: ನಮ್ಮ ಮೂಲಪುರುಷ ಹುಟ್ಟಿದ್ದು 1928ರ ಜುಲೈ 31ರಂದು, ‘ನ್ಯೂಯಾರ್ಕ್ ಡೈಲಿ ನ್ಯೂಸ್’ ಪತ್ರಿಕೆಯಲ್ಲಿ. ಐರೀನ್ ಥೈರರ್ ಎಂಬ ವಿಮರ್ಶಕಿ ‘ದಿ ಪೋರ್ಟ್ ಆಫ್ ಮಿಸ್ಸಿಂಗ್ ಗರ್ಲ್ಸ್’ ಎಂಬ ಚಿತ್ರಕ್ಕೆ ಒಂದು ಸ್ಟಾರ್ ಕೊಟ್ಟಳು. ಆಗ ಇದ್ದದ್ದು ಮೂರೇ ಸ್ಟಾರ್. ಮೂರು ಬಂದರೆ ಅತ್ಯುತ್ತಮ, ಒಂದು ಬಂದರೆ ಸಾಧಾರಣ, ಒಂದೂ ಬರದಿದ್ದರೆ ಆ ಕಡೆ ತಲೆ ಹಾಕಬೇಡಿ ಎಂದರ್ಥ. 1955ರಲ್ಲಿ ಪ್ಯಾರಿಸ್ಸಿನ ‘ಕಾಯೇ ದು ಸಿನೆಮಾ’ ಪತ್ರಿಕೆ ಹತ್ತು ವಿಮರ್ಶಕರ ಸ್ಟಾರ್‌ಗಳನ್ನು ಒಂದೇ ಪಟ್ಟಿಯಲ್ಲಿ ಅಕ್ಕಪಕ್ಕ ಅಚ್ಚು ಹಾಕಿತು. ನೋಡುವ ತೊಂದರೆಯನ್ನೇ ತೆಗೆದುಕೊಳ್ಳಬೇಡಿ ಎನ್ನಲು ಅವರ ಬಳಿ ಒಂದು ಕಪ್ಪು ಚುಕ್ಕೆ ಇತ್ತು. ಆ ಪಟ್ಟಿಯಲ್ಲಿ ಒಂದು ಪ್ರಾಮಾಣಿಕತೆ ಇತ್ತು ನೋಡಿ. ಒಂದೇ ಸಿನಿಮಾಕ್ಕೆ ಒಬ್ಬ ನಾಲ್ಕು ಸ್ಟಾರ್ ಕೊಟ್ಟು ಇನ್ನೊಬ್ಬ ಚುಕ್ಕೆ ಇಟ್ಟರೆ, ಜಗಳ ಓದುಗನ ಕಣ್ಣೆದುರೇ ನಡೆಯುತ್ತಿತ್ತು. ಅದನ್ನು ಕೂಡಿಸಿ ಭಾಗಿಸಿ ಒಂದು ಅಂಕಿ ಮಾಡುವ ಚಾಳಿ ಆಮೇಲಿನದು.

ಪ್ರಶ್ನೆ: ಅಳತೆ ಎಂದಮೇಲೆ ಎಲ್ಲರಿಗೂ ಒಂದೇ ಇರಬೇಕಲ್ಲವೆ? ಮೂರು ಸ್ಟಾರ್ ಎಂದರೆ ಮೂರು ಸ್ಟಾರ್.

ಅರ್ಧ ಸ್ಟಾರ್: ಮುದ್ದೆಯನ್ನೂ ಮೈಸೂರುಪಾಕನ್ನೂ ಸಿಹಿಯ ಲೆಕ್ಕದಲ್ಲಿ ಅಳೆದು ಮುದ್ದೆಗೆ ಸೊನ್ನೆ ಕೊಟ್ಟರೆ ಮಂಡ್ಯದವರು ಒಪ್ಪುತ್ತಾರೆಯೆ? ಷಿಕಾಗೋದ ರೋಜರ್ ಎಬರ್ಟ್ ಇದನ್ನು ಬಹಿರಂಗವಾಗಿ ಒಪ್ಪಿಕೊಂಡವರು. ಪುಲಿಟ್ಜರ್ ಪಡೆದ ಮೊದಲ ಸಿನಿಮಾ ವಿಮರ್ಶಕ ಅವರು. ‘ಶಾವೊಲಿನ್ ಸಾಕರ್’ ಚಿತ್ರದ ವಿಮರ್ಶೆಯಲ್ಲಿ ತಮ್ಮ ಸ್ಟಾರ್‌ಗಳು ಸಾಪೇಕ್ಷ ಎಂದು ವಿವರಿಸಿದರು. ‘ಹೆಲ್‌ಬಾಯ್’ ಹೇಗಿದೆ ಎಂದು ಗೆಳೆಯನೊಬ್ಬ ಕೇಳಿದರೆ ಅವನು ಅದನ್ನು ‘ಮಿಸ್ಟಿಕ್ ರಿವರ್’ ಜೊತೆ ಹೋಲಿಸಿ ಕೇಳುತ್ತಿಲ್ಲ, ‘ದಿ ಪನಿಷರ್’ ಜೊತೆ ಹೋಲಿಸಿ ಕೇಳುತ್ತಿದ್ದಾನೆ ಎಂಬುದು ಅವರ ವಾದ. ಅಂದರೆ ಸೂಪರ್‌ಹೀರೋ ಚಿತ್ರದ ಮೂರು ಸ್ಟಾರ್ ಬೇರೆ, ಕೌಟುಂಬಿಕ ದುರಂತದ ಮೂರು ಸ್ಟಾರ್ ಬೇರೆ. ಎಲ್ಲ ವಿಮರ್ಶಕರೂ ಮಾಡುವುದು ಇದನ್ನೇ. ಆದರೆ ಕಿಲೋ, ಲೀಟರ್, ಮೀಟರ್ ಎಂದು ಬರೆಯದೆ ಬರೀ ‘ಮೂರು’ ಎಂದು ಅಚ್ಚು ಹಾಕುತ್ತಾರೆ. ನನ್ನ ತಕರಾರು ಅಷ್ಟೇ.

ಪ್ರಶ್ನೆ: ಅದೇ ಎಬರ್ಟ್ ‘ಡೈ ಹಾರ್ಡ್’ಗೆ ಎರಡು ಸ್ಟಾರ್ ಕೊಟ್ಟು, ‘ಗಾರ್ಫೀಲ್ಡ್’ ಎಂಬ ಬೆಕ್ಕಿನ ಚಿತ್ರಕ್ಕೆ ಮೂರು ಕೊಟ್ಟರು. ಸಾಪೇಕ್ಷ ಅಳತೆ ಇಲ್ಲೇ ನಗೆಪಾಟಲಾಗುವುದಿಲ್ಲವೆ?

ಅರ್ಧ ಸ್ಟಾರ್: ಎರಡನ್ನೂ ಒಂದೇ ಕಾಲಂನಲ್ಲಿ ಜೋಡಿಸಿ ನೋಡಿದರೆ ನಗು ಬರುತ್ತದೆ, ನಿಜ. ಜೋಡಿಸಿದವರು ಯಾರು? ಬೆಕ್ಕಿನ ಚಿತ್ರ ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಕೊಟ್ಟ ಮಾತನ್ನು ಉಳಿಸಿಕೊಂಡಿತು ಎಂಬುದು ಆ ಮೂರರ ಅರ್ಥ. ‘ಡೈ ಹಾರ್ಡ್’ ವಿಷಯದಲ್ಲಿ ಅವರು ತಪ್ಪಿದರು ಎಂದೇ ಇಟ್ಟುಕೊಳ್ಳೋಣ. ಆ್ಯಕ್ಷನ್ ಚಿತ್ರಗಳ ಸಾಲಿನಲ್ಲೇ ಇಟ್ಟು ನೋಡಿದರೂ ಎರಡು ಸ್ಟಾರ್ ಕಂಜೂಸುತನ. ಆದರೆ ಬರಹ ಓದಿದವನಿಗೆ ಕಾರಣ ಸಿಗುತ್ತದೆ. ಹೊರಗೆ ನಿಂತು ಎಲ್ಲವನ್ನೂ ಕೆಡಿಸುವ ಆ ಪೆದ್ದ ಪೊಲೀಸ್ ಅಧಿಕಾರಿಯ ಪಾತ್ರ ಇಡೀ ಚಿತ್ರವನ್ನು ಹಾಳು ಮಾಡಿತು ಎಂಬುದು ಅವರ ದೂರು. ಅದನ್ನು ಓದಿ, ‘ನನಗೆ ಆ ಪಾತ್ರ ತೊಂದರೆ ಕೊಡಲಿಲ್ಲ’ ಎಂದು ನೀವು ಜಗಳ ಆಡಬಹುದು. ಬರೀ ‘ಎರಡು’ ಎಂಬ ಅಂಕಿಯ ಜೊತೆ ಹೇಗೆ ಜಗಳ ಆಡುತ್ತೀರಿ? ಅಂಕಿ ಮಾತಿಗೆ ಮಾತು ಕೊಡುವುದಿಲ್ಲ. ನಾನು ಕೊಡುತ್ತಿರುವುದು ಈ ಸಂದರ್ಶನ ಕಾಲ್ಪನಿಕ ಆದ್ದರಿಂದ.

ಪ್ರಶ್ನೆ: ಬಗೆಗೊಂದು ಅಳತೆ ಎಂದರೆ ಕಳಪೆ ಚಿತ್ರಗಳಿಗೆ ರಿಯಾಯಿತಿ ಕೊಟ್ಟಂತೆ. ‘ಮಾಸ್ ಸಿನಿಮಾ ಅಲ್ಲವೆ, ಲಾಜಿಕ್ ಹುಡುಕಬೇಡಿ’ ಎಂದು ಎರಡೂವರೆಯನ್ನು ಮೂರೂವರೆ ಮಾಡುವುದು ಹೀಗೇ ಅಲ್ಲವೆ?

ಅರ್ಧ ಸ್ಟಾರ್: ಲಾಜಿಕ್ ಮನೆಯಲ್ಲಿಟ್ಟು ಬನ್ನಿ ಎನ್ನುವುದು ಮಾಸ್ ಸಿನಿಮಾಕ್ಕೆ ಗೌರವ ಅಲ್ಲ, ಅವಮಾನ. ಹೀರೋ ಯಾವಾಗ ಮೌನವಾಗಬೇಕು, ಖಳನಿಗೆ ಎಷ್ಟು ಬಲ ಇದ್ದರೆ ಕೊನೆಯ ಏಟಿಗೆ ಶಿಳ್ಳೆ ಬೀಳುತ್ತದೆ ಎಂಬ ಲೆಕ್ಕ ಆ ಬಗೆಯ ಒಳಗೇ ಇದೆ, ಬಹಳ ಕಠಿಣವಾಗಿಯೇ ಇದೆ. ಹಾರರ್ ನೋಡಿ ಪಳಗಿದವನ ಎದುರು ಕದ ಕಿರ್ರೆನ್ನಿಸಿ ಪಾಸಾಗಲು ಸಾಧ್ಯವಿಲ್ಲ. ಹಾಸ್ಯಕ್ಕಂತೂ ಥಿಯೇಟರಿನ ಮೌನವೇ ಫಲಿತಾಂಶ. ಒಳಗಿನ ಅಳತೆ ಸಡಿಲ ಎನ್ನುವವರು ಆ ಬಗೆಯ ಹತ್ತು ಚಿತ್ರ ನೋಡದವರು. ನಾನು ಬೇಡುವುದು ರಿಯಾಯಿತಿಯನ್ನಲ್ಲ. ಪ್ರತಿ ಬಗೆಗೂ ಪೂರ್ಣ ಅಂಕದವರೆಗೆ ಏಣಿ ಇರಲಿ ಎಂದು. 1978ರ ‘ಹ್ಯಾಲೋವೀನ್’ ಸಣ್ಣ ಬಜೆಟ್ಟಿನ ಹೆದರಿಸುವ ಚಿತ್ರ. ಎಬರ್ಟ್ ಅದಕ್ಕೆ ನಾಲ್ಕಕ್ಕೆ ನಾಲ್ಕು ಕೊಟ್ಟರು. ಹೆಚ್ಚಿನ ಕಡೆ ಆ ಏಣಿ ಮೂರೂವರೆಗೆ ಮುಗಿದುಬಿಡುತ್ತದೆ. ಮಿಕ್ಕ ಮೆಟ್ಟಿಲುಗಳು ‘ಗಂಭೀರ’ ಚಿತ್ರಗಳಿಗೆ ಮೀಸಲು.

ಪ್ರಶ್ನೆ: ಇದು ಆರೋಪ. ಪುರಾವೆ?

ಅರ್ಧ ಸ್ಟಾರ್: ಪ್ರಶಸ್ತಿ ಕೊಡುವವರು ನಮ್ಮ ಮನೆಯವರಲ್ಲ, ನೆಂಟರು, ಆದರೂ ಅವರ ಕಪಾಟು ತೆರೆದರೆ ಸಾಕು. ನಮ್ಮ ರಾಷ್ಟ್ರಪ್ರಶಸ್ತಿಗಳಲ್ಲಿ ‘ಅತ್ಯುತ್ತಮ ಚಿತ್ರ’ ಒಂದು, ‘ಸಂಪೂರ್ಣ ಮನರಂಜನೆ ನೀಡುವ ಅತ್ಯುತ್ತಮ ಜನಪ್ರಿಯ ಚಿತ್ರ’ ಇನ್ನೊಂದು. 2022ರ ಸಾಲಿನಲ್ಲಿ ಮೊದಲನೆಯದು ಮಲಯಾಳದ ‘ಆಟ್ಟಂ’ಗೆ, ಎರಡನೆಯದು ‘ಕಾಂತಾರ’ಕ್ಕೆ ಬಂತು. ಅರ್ಹತೆಯ ಮಾತು ಬಿಡಿ, ‘ಆಟ್ಟಂ’ ಒಳ್ಳೆಯ ಚಿತ್ರವೇ. ಪ್ರಶ್ನೆ ಇರುವುದು ಜನಪ್ರಿಯವಾದದ್ದು ಬೇರೆ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಕು ಎಂಬ ಏರ್ಪಾಡಿನಲ್ಲಿ. ಅತ್ತ ಗೋಲ್ಡನ್ ಗ್ಲೋಬ್‌ನವರು ಎರಡು ಪಂಕ್ತಿ ಹಾಕಿ, ಮಂಗಳ ಗ್ರಹದಲ್ಲಿ ಒಂಟಿಯಾಗಿ ಸಿಕ್ಕಿಬಿದ್ದವನ ಕಥೆ ‘ದಿ ಮಾರ್ಷಿಯನ್’ಗೆ ಸಂಗೀತ-ಹಾಸ್ಯ ವಿಭಾಗದ ಪ್ರಶಸ್ತಿ ಕೊಟ್ಟರು. ಜನಾಂಗದ್ವೇಷದ ಭಯವನ್ನೇ ಕಥೆ ಮಾಡಿದ ‘ಗೆಟ್ ಔಟ್’ ಕೂಡ ಅದೇ ಹಾಸ್ಯದ ಪಂಕ್ತಿಯಲ್ಲಿ ಕೂತಿತ್ತು. ಬಗೆ ಎಂಬುದು ಚಿತ್ರದ ಗುಣವೋ, ಅರ್ಜಿ ನಮೂನೆಯ ಅನುಕೂಲವೋ ನೀವೇ ಹೇಳಿ.

ವಿಮರ್ಶೆಗೇ ಬರೋಣ. ಬರ, ಬಡತನ, ವಲಸೆಯ ಕುರಿತ ಚಿತ್ರ ಬಂದಾಗ ನನ್ನನ್ನು ಎಷ್ಟೋ ಸಲ ವಿಷಯದ ತೂಕ ನೋಡಿಯೇ ಸೇರಿಸಿಬಿಡುತ್ತಾರೆ. ‘ಉತ್ತಮ ಆಶಯ’ ಎಂಬ ಎರಡು ಪದ ಕಂಡಲ್ಲೆಲ್ಲ ಪಕ್ಕದಲ್ಲಿ ನಾನು ಇರುತ್ತೇನೆ. ಹಾಸ್ಯಚಿತ್ರಕ್ಕೆ ಆಶಯದ ಅಂಕ ಇಲ್ಲ. ಅದು ನಗಿಸಲೇಬೇಕು, ನಗಿಸಿದ ಮೇಲೂ ‘ಸಂದೇಶ ಏನು’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ಒಳ್ಳೆಯ ಆಶಯದ ಕೆಟ್ಟ ಚಿತ್ರಕ್ಕೆ ಸಿಗುವ ಅರ್ಧವನ್ನು ಒಳ್ಳೆಯ ನಗೆಚಿತ್ರದಿಂದ ಕಿತ್ತು ತಂದ ಹಾಗೆ ನನಗೆ ಅನ್ನಿಸುವುದುಂಟು.

ಪ್ರಶ್ನೆ: ಒಬ್ಬ ವಿಮರ್ಶಕನ ಪಕ್ಷಪಾತ ಇರಬಹುದು. ನೂರು ಜನರ ಸರಾಸರಿ ತೆಗೆದರೆ ಸರಿಹೋಗುವುದಿಲ್ಲವೆ?

ಅರ್ಧ ಸ್ಟಾರ್: ಲೆಕ್ಕ ಹಾಕಿ ನೋಡಿ. ‘ರಾಟನ್ ಟೊಮೇಟೋಸ್’ ತಾಣದಲ್ಲಿ ತೋರಿಸುವ ಶೇಕಡಾ ಅಂಕಿ, ಚಿತ್ರ ಎಷ್ಟು ಚೆನ್ನಾಗಿದೆ ಎಂಬುದಲ್ಲ, ಎಷ್ಟು ವಿಮರ್ಶಕರು ಒಪ್ಪಿದರು ಎಂಬುದು. ಹತ್ತು ಜನರೂ ಐದಕ್ಕೆ ಮೂರು ಕೊಟ್ಟು ‘ಪರವಾಗಿಲ್ಲ’ ಎಂದು ತಲೆಯಾಡಿಸಿದರೆ ಶೇಕಡಾ 100. ಐದು ಜನ ಐದಕ್ಕೆ ಐದು ಕೊಟ್ಟು ಕುಣಿದು, ಇನ್ನೈದು ಜನ ಎರಡು ಕೊಟ್ಟರೆ ಶೇಕಡಾ 50, ಕೊಳೆತ ಟೊಮೇಟೊ. ಸರಾಸರಿ ಮಾತ್ರ ಎರಡನೆಯ ಚಿತ್ರದ್ದೇ ಹೆಚ್ಚು: ಮೂರೂವರೆ. ಯಾರಿಗೂ ನೋವು ಮಾಡದ ಚಿತ್ರ ಗೆಲ್ಲುತ್ತದೆ, ಜನರನ್ನು ಎರಡು ಪಾಲು ಮಾಡುವ ಚಿತ್ರ ಸೋಲುತ್ತದೆ. ಜನರನ್ನು ಎರಡು ಪಾಲು ಮಾಡುವುದೇ ಕಸುಬಾದ ಬಗೆಗಳಿವೆ. ಹಾರರ್ ಅವುಗಳಲ್ಲಿ ಮೊದಲನೆಯದು. 2018ರ ‘ಹೆರೆಡಿಟರಿ’ಯನ್ನು ವಿಮರ್ಶಕರಲ್ಲಿ ಹತ್ತಕ್ಕೆ ಒಂಬತ್ತರಷ್ಟು ಮಂದಿ ಮೆಚ್ಚಿದರು, ಬಿಡುಗಡೆಯ ರಾತ್ರಿ ಪ್ರೇಕ್ಷಕರನ್ನೇ ಕೇಳುವ ‘ಸಿನೆಮಾಸ್ಕೋರ್’ ಸಮೀಕ್ಷೆಯಲ್ಲಿ ಅದಕ್ಕೆ ಸಿಕ್ಕಿದ್ದು ‘ಡಿ ಪ್ಲಸ್’. ನೆಮ್ಮದಿ ಕೆಡಿಸಲು ಬಂದ ಚಿತ್ರ ನೆಮ್ಮದಿ ಕೆಡಿಸಿತು ಎಂದು ಕೆಲವರು ಅಂಕ ಕಡಿದರು. ಇನ್ನು ‘ಮೆಟಾಕ್ರಿಟಿಕ್’ ತಾಣದಲ್ಲಿ ಸಿನಿಮಾಕ್ಕೆ 61 ಬಂದರೆ ಹಸಿರು ಬಣ್ಣ. ವಿಡಿಯೋ ಗೇಮ್‌ಗೆ ಹಸಿರು ಸಿಗಲು 75 ಬೇಕು. ಸರಾಸರಿ ತೆಗೆಯುವವರೇ ಎಲ್ಲಕ್ಕೂ ಒಂದೇ ಅಳತೆ ಆಗುವುದಿಲ್ಲ ಎಂದು ಬಣ್ಣದಲ್ಲಿ ಒಪ್ಪಿಕೊಂಡಿದ್ದಾರೆ. ಹಾರರ್‌ಗೂ ಹಾಸ್ಯಕ್ಕೂ ಆ ಸೌಜನ್ಯ ತೋರಿಸಿಲ್ಲ, ಅಷ್ಟೇ.

ಪ್ರಶ್ನೆ: ಈ ಬಗೆ, ವಿಭಾಗ ಎಲ್ಲ ಹಾಲಿವುಡ್ ಮಾತು. ನಮ್ಮಲ್ಲಿ ಒಂದೇ ಚಿತ್ರದಲ್ಲಿ ಹಾಡು, ಹೊಡೆದಾಟ, ಕಣ್ಣೀರು, ಕಾಮಿಡಿ, ದೈವ ಎಲ್ಲ ಇರುತ್ತವೆ. ಯಾವ ಸಾಲಿನಲ್ಲಿ ನಿಲ್ಲಿಸುತ್ತೀರಿ?

ಅರ್ಧ ಸ್ಟಾರ್: ಇದು ಗಟ್ಟಿ ಆಕ್ಷೇಪ, ನನಗೂ ಸುಲಭದ ಉತ್ತರ ಹೊಳೆದಿಲ್ಲ. ಕನ್ನಡ ವಿಮರ್ಶೆಗೆ ಸದ್ಯ ಗೊತ್ತಿರುವ ಬಗೆಗಳು ಎರಡೇ: ಮೊದಲಾರ್ಧ ಮತ್ತು ದ್ವಿತೀಯಾರ್ಧ. ‘ಮೊದಲಾರ್ಧ ಕೊಂಚ ನಿಧಾನ, ದ್ವಿತೀಯಾರ್ಧದಲ್ಲಿ ವೇಗ’ ಎಂಬ ಸಾಲನ್ನು ದೆವ್ವದ ಚಿತ್ರಕ್ಕೂ ಪ್ರೇಮಕಥೆಗೂ ಬದಲಾವಣೆ ಇಲ್ಲದೆ ಅಂಟಿಸಬಹುದು. ಮಿಶ್ರ ಚಿತ್ರವನ್ನು ಅದು ತಾನಾಗಿ ಕೊಟ್ಟ ಮಾತಿನಿಂದ ಅಳೆಯಬೇಕಾಗುತ್ತದೆ. ‘ಸು ಫ್ರಮ್ ಸೋ’ ದೆವ್ವವನ್ನು ನೆಪ ಮಾಡಿಕೊಂಡು ಒಂದು ಊರನ್ನೇ ನಗೆಗೆ ಎಳೆಯುತ್ತದೆ. ಅದರಲ್ಲಿ ಹೆದರಿಕೆ ಸಾಲದು ಎಂದು ನನ್ನನ್ನು ಕಿತ್ತುಕೊಂಡರೆ ಅದು ಬೇರೆ ಯಾವುದೋ ಚಿತ್ರದ ವಿಮರ್ಶೆ. ಹಾಡು ಕಥೆಯನ್ನು ನಿಲ್ಲಿಸಿತು ಎನ್ನುವ ಮೊದಲು, ಆ ಚಿತ್ರದಲ್ಲಿ ಹಾಡು ಇರುವುದು ಕಥೆ ನಿಲ್ಲಿಸಿ ಭಾವ ಹಿಡಿಯಲಿಕ್ಕೋ ಎಂದು ಕೇಳಬೇಕು. ಇದಕ್ಕೆ ಎರಡು ಪ್ಯಾರಾ ಬೇಕು. ನನ್ನನ್ನು ಕಂಡುಹಿಡಿದದ್ದೇ ಆ ಎರಡು ಪ್ಯಾರಾ ಉಳಿಸಲು ಎಂಬ ಗುಮಾನಿ ನನಗಿದೆ.

ಪ್ರಶ್ನೆ: ಓದುಗನಿಗೆ ಸಮಯ ಇಲ್ಲ. ಟಿಕೆಟ್ಟಿಗೆ ದುಡ್ಡು ಕೊಡುವವನು ನೇರವಾಗಿ ಒಂದು ಅಂಕಿ ಕೇಳಿದರೆ ತಪ್ಪೇನು?

ಅರ್ಧ ಸ್ಟಾರ್: ತಪ್ಪಿಲ್ಲ. ಅಂಕಿ ಕೊಡಿ, ನನಗೂ ಹೊಟ್ಟೆಪಾಡು. ಪಕ್ಕದಲ್ಲಿ ಎರಡು ಪದ ಸೇರಿಸಿ ಎಂದಷ್ಟೇ ಕೇಳುತ್ತಿದ್ದೇನೆ: ‘ಹಾರರ್ ಸಾಲಿನಲ್ಲಿ, ಮೂರೂವರೆ’. ಯಾವ ಸಾಲು ಎಂದು ತಿಳಿದರೆ ಓದುಗ ಉಳಿದ ಲೆಕ್ಕವನ್ನು ತಾನೇ ಮಾಡಿಕೊಳ್ಳುತ್ತಾನೆ.

ಪ್ರಶ್ನೆ: ಕಾಲಂನಲ್ಲಿ ಅಷ್ಟು ಜಾಗ ಇಲ್ಲವಂತೆ.

ಅರ್ಧ ಸ್ಟಾರ್: ಸೋಮವಾರದ ಜಾಹೀರಾತಿನಲ್ಲಿ ನನ್ನನ್ನು ಪೂರ್ತಿ ಸ್ಟಾರ್ ಮಾಡಿ ಅಚ್ಚು ಹಾಕುವಾಗ ಜಾಗ ಎಲ್ಲಿಂದ ಬರುತ್ತದೆ?