ಸ್ಟ್ಯಾಂಡಿಲ್ಲದ ಸೈಕಲ್ಲು, ಟಾರಿಲ್ಲದ ದಾರಿ

ನಮ್ಮೂರಿಗೊಂದು ಟಾರು ರಸ್ತೆ ಕೊಡಿ ಅಂತ ತಾತಂದಿರು ಅರ್ಜಿ ಬರೆದೂ ಬರೆದೂ ಸವೆದರು. ಮೊಮ್ಮಕ್ಕಳು ಈಗ ಲಕ್ಷ ಸುರಿದು ಗ್ರಾವೆಲ್ ಬೈಕ್ ಎಂಬ ಮಣ್ಣುದಾರಿಯ ಸೈಕಲ್ ಕೊಂಡು, ಟಾರಿಲ್ಲದ ದಾರಿ ಎಲ್ಲಿ ಉಳಿದಿದೆ ಅಂತ ದೊಡ್ಡಬಳ್ಳಾಪುರದ ಸುತ್ತ ಹುಡುಕುತ್ತಾರೆ. ನಾನೂ ಅವರಲ್ಲೊಬ್ಬ.

ಬಗ್ಗಿದ ಹ್ಯಾಂಡಲ್, 40 ಮಿಲಿಮೀಟರಿನ ದಪ್ಪ ಟೈರು, ಅದರಲ್ಲೂ ಗಾಳಿ ಬೇಕಂತಲೇ ಕಮ್ಮಿ. ಮಾಕಳಿದುರ್ಗದ ಬಳಿ ಟೀ ಅಂಗಡಿಯ ಯಜಮಾನರು ಟೈರು ಹಿಚುಕಿ ನೋಡಿ, "ಸ್ಟ್ಯಾಂಡಿಲ್ಲ, ಕ್ಯಾರಿಯರಿಲ್ಲ, ಮಡ್‌ಗಾರ್ಡೂ ಇಲ್ಲ. ಎಲ್ಲಾ ಬಿಚ್ಚಿಟ್ಕೊಂಡು ಮಾರವ್ರಲ್ಲ ಸ್ವಾಮಿ!" ಎಂದು ಮರುಗಿದರು. ಬೆಲೆ ಕೇಳಿದರು. ನಾನು ಎರಡನೇ ಟೀ ಹೇಳಿದೆ.

ನಾವು ಸೈಕಲ್ ತುಳಿಯುವುದು ಅರ್ಕಾವತಿಯ ಕಣಿವೆಯಲ್ಲಿ. ನದಿ ಕಣಿವೆ ಎಂದಾಕ್ಷಣ ಭೋರ್ಗರೆತ ನಿರೀಕ್ಷಿಸಬೇಡಿ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಇಲ್ಲಿ ಕೆರೆಯಿಂದ ಕೆರೆಗೆ ಸಾಗುವ ಸಂಸಾರಸ್ಥೆ. 1890ರ ದಶಕದಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ನಲ್ಲಿ ನೀರು ಕೊಟ್ಟವಳೂ ಇವಳೇ. ಬೇಸಿಗೆಯಲ್ಲಂತೂ ನದಿ ದಾಟಿದ್ದು ಮೊಬೈಲ್ ಮ್ಯಾಪ್ ಹೇಳಿದರೇ ಗೊತ್ತಾಗುವುದು. ಶಿವಗಂಗೆಯ ಕುಮುದ್ವತಿಯದೂ ಹೆಚ್ಚುಕಡಿಮೆ ಇದೇ ಕಥೆ.

ಸುಗ್ಗಿಯಲ್ಲಿ ಮಜಾ ಬೇರೆ. ಬಸ್ಸು ಲಾರಿ ತುಳಿದು ಒಕ್ಕಣೆಯಾಗಲಿ ಅಂತ ರಸ್ತೆ ತುಂಬ ರಾಗಿ ಹರವಿರುತ್ತಾರೆ. ಹುಲ್ಲು ಚೈನಿಗೆ ಸುತ್ತಿಕೊಂಡು ನಾನು ನಿಂತರೆ, "ನಿಮ್ಮ ತೂಕ ಸಾಲ್ದು, ಪಕ್ಕಕ್ಕೆ ಬನ್ನಿ, ಲಾರಿ ಬರ್ತೈತೆ" ಎಂಬ ಸ್ವಾಗತ.

ಬರುವುದಾದರೆ ಬೇಗ ಬನ್ನಿ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿ ಕಡೆಯ ಮಣ್ಣುದಾರಿಗಳು ಒಂದೊಂದಾಗಿ ಲೇಔಟಿನ ಕಮಾನಿನೊಳಗೆ ಸೇರುತ್ತಿವೆ. ಜೇಬಿನಲ್ಲಿ ಬಿಸ್ಕತ್ತಿರಲಿ. ನಿಮಗಲ್ಲ, ಊರ ನಾಯಿಗಳಿಗೆ.