ತಂಪಿನ ಪಾಳೆಯಗಾರರು

ಯುಗಾದಿಯ ಬೇವುಬೆಲ್ಲದ ರುಚಿ ನಾಲಗೆಯಿಂದ ಅಳಿಯುವ ಮೊದಲೇ ಕಲಬುರಗಿಯ ಹಳೆಯ ಓಣಿಗಳ ಹಲವು ಮನೆಗಳಲ್ಲಿ ಗದ್ದಲವಿಲ್ಲದೆ ರಾಜ್ಯಾಡಳಿತವು ಕೈಬದಲಾಗುವುದುಂಟು. ವರ್ಷದ ಉಳಿದ ತಿಂಗಳುಗಳಲ್ಲಿ ಪತ್ರಿಕೆ, ಪಂಚಾಂಗ, ಪಿಂಚಣಿಗಳೆಂಬ ಮೂರು ಪಕಾರಗಳ ನಡುವೆ ನಿರುಪದ್ರವಿಗಳಾಗಿ ಕಾಲಕ್ಷೇಪ ಮಾಡಿಕೊಂಡು, ಸೊಸೆ ಹೇಳಿದಾಗ ಕೊತ್ತಂಬರಿ ತರುತ್ತಲೂ, ಮೊಮ್ಮಕ್ಕಳು ಕೇಳದಿದ್ದಾಗಲೂ ಮಗ್ಗಿ ಹೇಳಿಕೊಡುತ್ತಲೂ ಇದ್ದ ನಿವೃತ್ತ ಗೃಹಸ್ಥರೊಬ್ಬರು, ಹೊರಕಟ್ಟೆಯ ನೆರಳಿನಲ್ಲಿ ತಾವೇ ತೂಗುಹಾಕಿದ ಉಷ್ಣಮಾಪಕವು 40ರ ಗೆರೆಯನ್ನು ಮುಟ್ಟಿದುದನ್ನು ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿ ದೃಢಪಡಿಸಿಕೊಂಡೊಡನೆ, ಸಮಸ್ತ ಕುಟುಂಬದ ಮೇಲೆ ಏಕಚ್ಛತ್ರಾಧಿಪತ್ಯವನ್ನು ಸ್ಥಾಪಿಸಿಬಿಡುವರು. ಇವರಿಗೆ ಹೆಸರು ಬೇಡ, ರಾಯರೆಂದರೆ ಸಾಕು. ಇಂಥವರು ರಾಯಚೂರಿನಲ್ಲಿದ್ದಾರೆ, ಬಳ್ಳಾರಿಯಲ್ಲಿದ್ದಾರೆ. ವಿಜಯಪುರದಲ್ಲಿ ಓಣಿಗಿಬ್ಬರಂತೆ ಇದ್ದಾರೆ. ಬೆಂಗಳೂರಿನಲ್ಲಿ ಈ ಜಾತಿ ಇನ್ನೂ ಚೆನ್ನಾಗಿ ಬೇರೂರಿಲ್ಲ. 2016ರ ಏಪ್ರಿಲ್‌ನಲ್ಲಿ ಆ ನಗರವು 39.2 ಡಿಗ್ರಿಯನ್ನು ಕಂಡು ಹಾಹಾಕಾರ ಮಾಡಿದಾಗ ನಮ್ಮ ರಾಯರು ಪತ್ರಿಕೆಯನ್ನು ಮಡಿಚಿಟ್ಟು, "ಅಷ್ಟಕ್ಕ ನಾವಿಲ್ಲಿ ಶಾಲು ಹೊಚಗೋತೀವಿ" ಎಂದರು.

ಬಿಸಿಲಿನ ವಿಷಯದಲ್ಲಿ ಇವರು ಅತಿಶಯೋಕ್ತಿಯನ್ನು ಸಹಿಸುವವರಲ್ಲ. ಎದುರುಮನೆಯವರು ಅಂಗವಸ್ತ್ರದಿಂದ ಗಾಳಿ ಹಾಕಿಕೊಳ್ಳುತ್ತ, "ಏನ್ರೀ ರಾಯರ, ಬಿಸಿಗಾಳಿ ಶುರುವಾತು" ಎಂದು ಲೋಕಾಭಿರಾಮವಾಗಿ ಆಡಿದರೆ, ರಾಯರು ಅದಕ್ಕೆ ಅನುಮತಿ ಕೊಡರು. ಹವಾಮಾನ ಇಲಾಖೆಯ ಲಕ್ಷಣಗ್ರಂಥದ ಪ್ರಕಾರ ಬಯಲುಸೀಮೆಯಲ್ಲಿ ಗರಿಷ್ಠ ತಾಪವು 40 ಡಿಗ್ರಿಗೆ ಏರಿರಬೇಕು, ಮತ್ತು ಆ ದಿನದ ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಹೆಚ್ಚಿರಬೇಕು, ಇಲ್ಲವೇ ವಾಡಿಕೆಯ ಗೊಡವೆಯಿಲ್ಲದೆ ನೇರವಾಗಿ 45 ಆಗಿರಬೇಕು. 47 ಆದರೆ ಅದು ತೀವ್ರವೆನಿಸಿಕೊಳ್ಳುವುದು. ಈ ಸೂತ್ರಕ್ಕೆ ಒಳಪಡದ ಬೆವರನ್ನು ರಾಯರು ಬೆವರೆಂದು ಒಪ್ಪುವುದಿಲ್ಲ. "ಇನ್ನೂ ಒಂದೂವರಿ ಡಿಗ್ರಿ ಬಾಕಿ ಅದರೀ" ಎಂದು ಅವರು ಸಾಲಗಾರನಿಗೆ ಹೇಳುವ ಧ್ವನಿಯಲ್ಲಿ ಹೇಳಿದಾಗ, ಎದುರುಮನೆಯವರು ತಮ್ಮ ಬೆವರನ್ನು ಒರೆಸಿಕೊಂಡು ನಾಚಿಕೆಯಿಂದ ಒಳಗೆ ಹೋಗುವರು.

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಈ ಸೀಮೆಯ ಸರಕಾರಿ ಕಚೇರಿಗಳು ಮುಂಜಾನೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವುದುಂಟು. ನಿವೃತ್ತರಾಗಿ ಬಹುಕಾಲವಾದರೂ ರಾಯರು ಆ ಆದೇಶವು ತಮಗೂ ಅನ್ವಯಿಸುವುದೆಂದೇ ಭಾವಿಸಿರುವರು. ಆದರೆ ಇವರ ಕಚೇರಿ ಮುಚ್ಚುವ ಹೊತ್ತಿಗೆ ತೆರೆಯುತ್ತದೆ, ತೆರೆಯುವ ಹೊತ್ತಿಗೆ ಮುಚ್ಚುತ್ತದೆ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಮಲಗಿದವರ ಕಾಲುಗಳನ್ನು ದಾಟಿಕೊಂಡು ಹೋಗಿ, ಮನೆಯ ಎಲ್ಲ ಕಿಟಕಿ, ಬಾಗಿಲು, ಬೆಳಕಿಂಡಿಗಳನ್ನು ಧಡಧಡನೆ ತೆರೆದು, ರಾತ್ರಿಯ ಅಳಿದುಳಿದ ತಂಪನ್ನೆಲ್ಲ ಒಳಗೆ ಬರಮಾಡಿಕೊಳ್ಳುವರು. ಏಳೂವರೆ ಹೊಡೆಯಿತೋ, ಅವನ್ನೆಲ್ಲ ಮುಚ್ಚಿ, ಅಗಳಿ ಜಡಿದು, ಬಾಗಿಲುಗಳ ಕೆಳಸಂದಿನಲ್ಲಿ ಹಳೆಯ ಧೋತರದ ಚೂರುಗಳನ್ನು ತುರುಕುವರು. ಆ ಕ್ಷಣದಿಂದ ಸೂರ್ಯಾಸ್ತದವರೆಗೆ ಅವರ ಅಪ್ಪಣೆಯಿಲ್ಲದೆ ಯಾರೂ ಹೊರಗೆ ಹೋಗುವಂತಿಲ್ಲ. ಹೋದವರು ಅಷ್ಟು ಸುಲಭವಾಗಿ ಒಳಗೆ ಬರುವಂತೆಯೂ ಇಲ್ಲ.

ಇದರ ಕಷ್ಟವನ್ನು ಬಲ್ಲವರು ಮದುವೆಯ ಕರೆಯೋಲೆ ಹಂಚುವವರು. ವೈಶಾಖದ ಲಗ್ನಗಳಿಗೆ ಕರೆಯಲು ಬರುವವರು ಹನ್ನೊಂದರ ಬಿಸಿಲಿನಲ್ಲಿಯೇ ಬರುವರು. ಒಮ್ಮೆ ಹೀಗೆ ದಂಪತಿಗಳು ಬಂದು, ಆ ತಾಯಿ ಕುಂಕುಮದ ಭರಣಿಯನ್ನು ಸೆರಗಿನಡಿಯಲ್ಲಿ ಹಿಡಿದು ಕಟ್ಟೆಯ ಮೇಲೆ ನಿಂತಿರಲು, ಬಾಗಿಲು ನಾಲ್ಕು ಬೆರಳಿನಷ್ಟು ತೆರೆದು, ಆ ಬಿರುಕಿನಲ್ಲಿ ರಾಯರ ಒಂದು ಕಣ್ಣೂ ಅರ್ಧ ಮೀಸೆಯೂ ಪ್ರತ್ಯಕ್ಷವಾದವು. ಯಾರ ಮದುವೆ, ಯಾವ ಮಿತಿ, ವರನ ಕಡೆಯವರು ಯಾವ ಊರಿನವರು ಎಂಬ ಪ್ರಶ್ನೋತ್ತರವೆಲ್ಲ ಆ ಬಿರುಕಿನಲ್ಲಿಯೇ ಮುಗಿದ ಮೇಲೆ, "ಒಬ್ಬೊಬ್ರ ಬರ್ರಿ, ಅಡ್ಡಾಗಿ ಬರ್ರಿ, ಲಗೂನ ಬರ್ರಿ, ಝಳ ಒಳಗ ಬರ್ಲಾಕತ್ತದ!" ಎಂಬ ಆಜ್ಞೆಯಾಯಿತು. ಯಜಮಾನರು ಅಡ್ಡಾಗಿ ಬಂದರು, ತಾಯಿಯೂ ಬಂದಳು, ಸೆರಗಿನ ತುದಿಯು ಮಾತ್ರ ಬಾಗಿಲಿಗೆ ಸಿಕ್ಕಿ ಹೊರಗೇ ಉಳಿಯಿತು. ಅದನ್ನು ಬಿಡಿಸಲು ಬಾಗಿಲನ್ನು ಪುನಃ ತೆರೆಯಬೇಕಾದೀತೆಂಬ ವ್ಯಥೆಯಿಂದ ರಾಯರು, "ಹೆಂಗೂ ಹೊರಡವರ ಇದ್ದೀರಿ, ಹೋಗೋವಾಗ ಬಿಡಸಿಕೊಂಡರಾತು, ಅಲ್ಲೇ ನಿಂತು ಕುಂಕುಮ ಹಚ್ಚರಿ" ಎಂದರು. ಆ ತಾಯಿ ಹಾಗೆಯೇ ಮಾಡಿದಳು.

ಇಷ್ಟಾಗಿಯೂ ರಾಯರ ಶಾಸ್ತ್ರವು ಸುಳ್ಳಲ್ಲ, ಅದೇ ಸಂಕಟ. ಸುಳ್ಳಾಗಿದ್ದರೆ ಮನೆಯವರು ಎಂದೋ ದಂಗೆಯೆದ್ದು ಕಿಟಕಿ ತೆರೆಯುತ್ತಿದ್ದರು. ತಾತನವರು ಕಟ್ಟಿಸಿದ ಆ ಮನೆಯ ಗೋಡೆಗಳು ಎರಡಡಿ ದಪ್ಪದ ಕಲ್ಲಿನವು, ನೆಲಕ್ಕೆ ಶಹಾಬಾದಿನ ಫರಸಿ, ಮೇಲೆ ತೊಲೆ ಜಂತಿಗಳ ಮೇಲೆ ಹೊರಿಸಿದ ಮಣ್ಣಿನ ಮಾಳಿಗೆ. ಇಂಥ ಗೋಡೆಯ ಹೊರಮೈಯನ್ನು ಹಿಡಿದ ತಾಪವು ಸರಕಾರಿ ಕಡತದ ಗತಿಯಲ್ಲಿ ಚಲಿಸಿ ಒಳಮೈಯನ್ನು ತಲಪುವ ಹೊತ್ತಿಗೆ ರಾತ್ರಿಯಾಗಿರುತ್ತದೆ. ಅಷ್ಟರಲ್ಲಿ ಕಿಟಕಿಗಳು ತೆರೆದಿರುತ್ತವೆ, ಬಂದ ತಾಪಕ್ಕೆ ಹೊರದಾರಿ ಸಿದ್ಧವಾಗಿರುತ್ತದೆ. ಹಗಲಿನಲ್ಲಿ ಹೊರಗೆ 42 ಇದ್ದಾಗ ನಡುಮನೆಯಲ್ಲಿ 33ಕ್ಕೆ ಮೀರದು. ಈ ಅಂತರವನ್ನು ರಾಯರು ಬಂದವರಿಗೆಲ್ಲ ಎರಡು ಉಷ್ಣಮಾಪಕಗಳನ್ನು ಎರಡು ಕೈಯಲ್ಲಿ ಹಿಡಿದು ತೋರಿಸುವರು. ತೋರಿಸುವುದಕ್ಕಾಗಿ ಬಾಗಿಲನ್ನು ಎರಡು ಸಲ ತೆರೆಯುವುದು ಶಾಸ್ತ್ರಸಮ್ಮತವಾದ ಅಪವಾದ.

ಆ ನಡುಮನೆಯ ಮಹಿಮೆಯನ್ನು ಹೇಳದೆ ಮುಂದೆ ಹೋಗಲಾರೆ. ಕಾಳಿದಾಸನು ಋತುಸಂಹಾರವನ್ನು ಗ್ರೀಷ್ಮದಿಂದಲೇ ಆರಂಭಿಸಿ, ಬಿಸಿಲಿನ ತಾಪಕ್ಕೆ ಹಾವು ತನ್ನ ಕುಲವೈರಿಯಾದ ನವಿಲಿನ ನೆರಳಿನಲ್ಲಿಯೇ ಬಂದು ಬೀಳುವುದನ್ನು ಬಣ್ಣಿಸಿರುವನಷ್ಟೆ. ಅದನ್ನು ಕವಿಸಮಯವೆಂದು ತಿಳಿದವರು ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ರಾಯರ ನಡುಮನೆಯನ್ನು ನೋಡಬೇಕು. ಒಂದು ಬೆಳ್ಳಿಯ ತಂಬಿಗೆಯ ಪಾಲಿನಿಂದಾಗಿ ವರ್ಷಗಟ್ಟಲೆ ಪರಸ್ಪರ ಮಾತು ಬಿಟ್ಟ ರಾಯರ ಮಡದಿಯೂ ಅವರ ನಾದಿನಿಯೂ ಬರಿಯ ಫರಸಿಯ ಮೇಲೆ ಒಂದೇ ದಿಂಬಿಗೆ ಎರಡು ಕಡೆಯಿಂದ ತಲೆಯಿಟ್ಟು ಮಲಗಿರುವರು. ಬಾಡಿಗೆ ಕೊಡದ ಬಾಡಿಗೆದಾರನೂ ಅದನ್ನು ಕೇಳಲು ಬಂದ ಹಿರಿಯ ಮಗನೂ ಒಂದೇ ರಂಜಣಿಗೆಯ ನೀರು ಕುಡಿದು ಗೋಡೆಗೊರಗಿರುವರು. ಬೆಕ್ಕು ಎಲ್ಲರಿಗಿಂತ ತಂಪಾದ ಚೌಕವನ್ನು ಮೊದಲೇ ಹಿಡಿದಿರುವುದು. ಆ ರಂಜಣಿಗೆಯನ್ನು ಪ್ರತಿವರ್ಷ ಹೊಸದಾಗಿಯೇ ತರಬೇಕೆಂಬುದು ರಾಯರ ಕಟ್ಟಳೆ. ಹಳೆಯದರ ಸೂಕ್ಷ್ಮ ರಂಧ್ರಗಳು ನೀರಿನ ಉಪ್ಪಿನಿಂದ ಕಟ್ಟಿಕೊಂಡು ಜಿನುಗುವುದನ್ನು ನಿಲ್ಲಿಸಿಬಿಡುವುದರಿಂದ, ಅದರ ನೀರು ನೀರಾಗಿಯೇ ಉಳಿಯುವುದಲ್ಲದೆ ತಂಪಾಗದು. ಸಂತೆಯಲ್ಲಿ ರಾಯರು ಮಡಕೆಯನ್ನು ಬೆರಳಿನಿಂದ ಬಾರಿಸಿ, ನೀರು ತರಿಸಿ ತುಂಬಿಸಿ, ಹೊರಮೈ ಬೆವರುವವರೆಗೂ ಅಲ್ಲಿಯೇ ಕುಳಿತು ಕಾಯುವುದನ್ನು ಕಂಡ ಕುಂಬಾರಗಿತ್ತಿ ಮರುವರ್ಷದಿಂದ ಅವರನ್ನು ದೂರದಲ್ಲಿ ಕಂಡೊಡನೆಯೇ ಬೆಲೆ ಇಳಿಸುತ್ತಿದ್ದಳು.

ರಾಯರ ಸಾಮ್ರಾಜ್ಯಕ್ಕೆ ಕಳಂಕವೆಂದರೆ ಮಗನು ಮೇಲೆ ಕಟ್ಟಿಸಿದ ಕಾಂಕ್ರೀಟಿನ ಕೋಣೆ. ಐದು ಅಂಗುಲದ ಆ ಸ್ಲ್ಯಾಬು ಹಗಲೆಲ್ಲ ಬಿಸಿಲನ್ನು ಕುಡಿದು, ರಾತ್ರಿ ಹನ್ನೊಂದಾದರೂ ರೊಟ್ಟಿಯ ಹಂಚಿನಂತೆ ಕೆಳಗೆ ಮಲಗಿದವರನ್ನು ಮಗ್ಗುಲು ತಿರುವಿ ತಿರುವಿ ಬೇಯಿಸುವುದು. ರಾಯರು ಅದಕ್ಕೆ ಎರಡು ಸಲ ಸುಣ್ಣ ಬಳಿಸಿದರು. ಬಿಳಿಯ ಮೇಲ್ಮೈ ಬಿಸಿಲನ್ನು ಹಿಂದಕ್ಕೆ ಎಸೆಯುವುದೆಂಬುದು ನಿಜ, ಎದುರುಮನೆಯವರ ಕಣ್ಣಿಗೆ ಎಸೆಯಿತೆಂಬುದೂ ನಿಜ. ಆಮೇಲೆ ಗೋಣಿಚೀಲಗಳನ್ನು ಹಾಸಿ ಸಂಜೆಗೊಮ್ಮೆ ನೀರು ಹೊಯ್ಯತೊಡಗಿದರು. ಒಂದು ಗ್ರಾಮ್ ನೀರು ಆವಿಯಾಗಿ ಹೋಗುವಾಗ 580 ಕ್ಯಾಲೊರಿಯಷ್ಟು ಶಾಖವನ್ನು ಹೊತ್ತೊಯ್ಯುವುದೆಂದು ಅವರು ಕೊಡ ಹೊತ್ತು ಮೆಟ್ಟಿಲೇರುತ್ತ ವಿವರಿಸುತ್ತಿರಲು, ನಳದ ನೀರು ಬಾರದ ದಿನಗಳನ್ನು ಬೆರಳಿನಲ್ಲಿ ಎಣಿಸುತ್ತಿದ್ದ ಅವರ ಮಡದಿ, "ಇಲ್ಲಿ ಬಟ್ಟಿ ಒಗೀಲಿಕ್ಕ ನೀರಿಲ್ಲ, ಮ್ಯಾಲ ಮಾಳಗಿಗಿ ಅಭಿಷೇಕ ನಡದದ" ಎಂದರು. ರಾಯರು ಇತಿಹಾಸವನ್ನು ಮೊರೆಹೊಕ್ಕರು: ವಿಜಯಪುರದ ಆದಿಲ್‌ಶಾಹಿಗಳು ಕುಮಟಗಿಯಲ್ಲಿ ನೀರಿನ ನಡುವೆ ವಿಹಾರಮಂದಿರ ಕಟ್ಟಿಸಿ, ಕೊಳವೆಗಳ ಮೂಲಕ ನೀರು ಹರಿಸಿ ಕಾರಂಜಿ ಚಿಮ್ಮಿಸಿ ಬೇಸಗೆಯನ್ನು ಕಳೆಯುತ್ತಿರಲಿಲ್ಲವೇ? "ಅವರ ಮನ್ಯಾಗ ಬಟ್ಟಿ ಒಗ್ಯಾವ್ರು ಬ್ಯಾರೆ ಇದ್ರು" ಎಂಬ ಉತ್ತರ ಅಡಿಗೆಮನೆಯಿಂದ ಬಂದಿತು. ಇದಕ್ಕೆ ಸಮಾಧಾನ ಹೇಳಬಲ್ಲ ಇತಿಹಾಸಕಾರನನ್ನು ನಾನು ಕಾಣೆ.

ವಿದ್ಯುತ್ ಪಂಖದ ಬಗೆಗೆ ರಾಯರದು ತಾತ್ತ್ವಿಕ ವೈರ. ಪಂಖವು ಗಾಳಿಯನ್ನು ತಂಪು ಮಾಡದು, ಮೈಯ ಬೆವರನ್ನು ಆರಿಸಿ ತಂಪೆಂಬ ಭ್ರಾಂತಿಯನ್ನು ಹುಟ್ಟಿಸುವುದಷ್ಟೇ, ಮೇಲಾಗಿ ಅದರ ಮೋಟಾರು ತನ್ನ ಪಾಲಿನ ಬಿಸಿಯನ್ನೂ ಸೇರಿಸುವುದು ಎಂದು ವಾದಿಸಿ, ಜನರಿಲ್ಲದ ಕೋಣೆಯಲ್ಲಿ ತಿರುಗುವ ಪಂಖವನ್ನು ಕಂಡರೆ ಕಳ್ಳನನ್ನು ಹಿಡಿದವರಂತೆ ಕೂಗುವರು. ಕಿರಿಯ ಮೊಮ್ಮಗನು ಒಂದು ಮಧ್ಯಾಹ್ನ ಫ್ರಿಜ್ಜಿನ ಬಾಗಿಲು ತೆರೆದು ಅದರೆದುರು ಕುರ್ಚಿ ಹಾಕಿಕೊಂಡು ಕುಳಿತಾಗ, ಅದು ಮುಂದಿನಿಂದ ಕೊಡುವ ತಂಪಿಗಿಂತ ಹಿಂದಿನಿಂದ ಬಿಡುವ ಬಿಸಿಯೇ ಹೆಚ್ಚೆಂಬುದನ್ನು ಅರ್ಧ ಗಂಟೆ ಬೋಧಿಸಿದರು. ಬೋಧೆ ಮುಗಿಯುವವರೆಗೂ ಬಾಗಿಲು ತೆರೆದೇ ಇದ್ದುದರಿಂದ ಹುಡುಗನು ಅತ್ಯಂತ ಶ್ರದ್ಧೆಯಿಂದ ಕೇಳಿದನು.

ಇಷ್ಟೆಲ್ಲ ತಂಪನ್ನು ಉತ್ಪಾದಿಸಿದ ಮಹಾನುಭಾವರು ಅದನ್ನು ಅನುಭವಿಸುವರೇ ಎಂದರೆ, ಇಲ್ಲ. ನಡುಮನೆಯಲ್ಲಿ ಸಮಸ್ತರೂ ಗೊರಕೆ ಹೊಡೆಯುತ್ತಿರುವಾಗ ರಾಯರು ತಲಬಾಗಿಲ ಬದಿಯಲ್ಲಿ, ಮನೆಯಲ್ಲೆಲ್ಲ ಅತಿ ಬಿಸಿಯಾದ ಜಾಗದಲ್ಲಿ, ಕಬ್ಬಿಣದ ಕುರ್ಚಿಯ ಮೇಲೆ ಕಾವಲು ಕುಳಿತಿರುವರು. ಅಂಗಿಯ ಕಿಸೆಯಲ್ಲಿ ಬಿಸಿಲು ಬಡಿಯದಂತೆ ಒಂದು ಉಳ್ಳಾಗಡ್ಡಿ, ಕೈಯಲ್ಲಿ ಬೀಸಣಿಗೆ, ಕಣ್ಣು ಅಗಳಿಯ ಮೇಲೆ. ತಾವು ಒಳಗೆ ಹೋಗಿ ಮಲಗಿದರೆ ಯಾರಾದರೂ ಬಾಗಿಲು ತೆರೆದಾರೆಂಬ ಭಯ. ಆಳುವವರಿಗೆ ಇದು ಹೊಸತಲ್ಲ.

ಇವರ ಅಧಿಕಾರಕ್ಕೆ ದೊಡ್ಡ ಪೆಟ್ಟು ಬಿದ್ದುದು ಮಗಳು ಮಂಗಳೂರಿನಲ್ಲಿ ಮನೆ ಮಾಡಿದಾಗ. ಬೇಸಗೆಗೆಂದು ಅಲ್ಲಿಗೆ ಹೋದ ರಾಯರು ಟ್ರಂಕಿನಲ್ಲಿ ಲಾವಂಚದ ಬೇರಿನ ಪರದೆಯನ್ನು ಒಯ್ದು, ಕಿಟಕಿಗೆ ಕಟ್ಟಿ, ಗಂಟೆಗೊಮ್ಮೆ ನೀರು ಚಿಮುಕಿಸಿದರು. ಕಲಬುರಗಿಯ ಒಣಗಾಳಿಯಲ್ಲಿ ಆ ಪರದೆಯು ಘಮಘಮಿಸುತ್ತ ಕೋಣೆಯನ್ನು ಕಾರ್ತಿಕ ಮಾಸಕ್ಕೆ ತಿರುಗಿಸುತ್ತಿತ್ತು; ಮೇ ತಿಂಗಳಲ್ಲಿಯೂ ಆರ್ದ್ರತೆ ಶೇ. 70ರ ಸುತ್ತ ಸುಳಿಯುವ ಕಡಲತಡಿಯ ಗಾಳಿಗೆ ಮತ್ತಷ್ಟು ನೀರನ್ನು ಕುಡಿಯುವ ಹಸಿವೇ ಇರಲಿಲ್ಲ. ಪರದೆ ಆರಲಿಲ್ಲ, ಕೋಣೆ ತಣಿಯಲಿಲ್ಲ. ಏಳೂವರೆಗೆ ಮುಚ್ಚಿದ ಕಿಟಕಿಗಳ ಹಿಂದೆ ಎಲ್ಲರೂ ಕಡುಬಿನ ಪಾತ್ರೆಯಲ್ಲಿ ಕುಳಿತಂತಾದರು. ನಾಲ್ಕನೆಯ ದಿನ ಪರದೆಗೆ ಬೂಷ್ಟು ಹಿಡಿಯಿತು. ಅಳಿಯನು ಮಾವನವರ ಮೇಲಿನ ಗೌರವಕ್ಕೆ ಭಂಗ ಬಾರದಂತೆ, ಅವರು ದೇವಸ್ಥಾನಕ್ಕೆ ಹೋದಾಗ ಕಿಟಕಿಗಳನ್ನು ತೆರೆದು, ಬರುವ ಸಪ್ಪಳಕ್ಕೆ ಮುಚ್ಚುವ ವ್ಯವಸ್ಥೆ ಮಾಡಿದನು. ಊರಿಗೆ ಮರಳಿದ ರಾಯರು ಆ ಸೀಮೆಯ ಬಗೆಗೆ ಒಂದೇ ಮಾತಿನಲ್ಲಿ ತೀರ್ಪಿತ್ತರು: "ಅಲ್ಲಿ ಗಾಳಿಗೆ ಶಿಸ್ತ ಇಲ್ಲ."

ಕೊನೆಗೆ ಮಗನು ಮೇಲಿನ ಕೋಣೆಗೆ ಏಸಿ ತರುವೆನೆಂದಾಗ ರಾಯರು ಅದರ ಪೂರ್ವೋತ್ತರಗಳನ್ನು ತೆಗೆದರು. ಅಮೆರಿಕದ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವದಿಂದ ಕಾಗದವು ಹಿಗ್ಗಿ ಕುಗ್ಗಿ ಬಣ್ಣಗಳು ಅಡ್ಡಾದಿಡ್ಡಿಯಾಗುತ್ತಿದ್ದುದರಿಂದ, 1902ರಲ್ಲಿ ವಿಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರನು ಅದರ ನಿವಾರಣೆಗೆ ಈ ಉಪಾಯವನ್ನು ಹೂಡಿದನು. "ಅದು ಕಾಗದಕ್ಕಂತ ಹುಟ್ಟಿದ ಯಂತ್ರ, ಮನಷ್ಯಾಗಲ್ಲ" ಎಂದರು ರಾಯರು. "ನೀವೂ ಸರ್ವಿಸ್ ಪೂರ್ತಿ ಕಾಗದದ ನಡುವ ಇದ್ದವರ ಅಲ್ರಿ" ಎಂದನು ಮಗ. ಏಸಿ ಬಂದಿತು.

ಅವರ ಕಾಲ ಮುಗಿಯಿತೆಂದು ಓಣಿಯಲ್ಲಿ ಮಾತಾಯಿತು; ರಾಯರನ್ನು ಬಲ್ಲವರು ಹಾಗೆ ಎಣಿಸಬಾರದಿತ್ತು. ಮೊದಲನೆಯ ದಿನವೇ ರಿಮೋಟು ಅವರ ಧೋತರದ ಗಂಟಿನೊಳಗೆ ಸೇರಿತು. ನಕ್ಷತ್ರದ ಗುರುತುಳ್ಳ ಇಂಥ ಯಂತ್ರಗಳು ಹಚ್ಚಿದೊಡನೆ 24 ಡಿಗ್ರಿಯಲ್ಲಿಯೇ ನಿಲ್ಲತಕ್ಕದ್ದೆಂದು 2020ರ ಜನವರಿಯಿಂದ ನಿಯಮವಿದೆಯೆಂದು ಮಗನು ನೆನಪಿಸಲಾಗಿ, "24 ಸರಕಾರದ್ದು, 28 ನಂದು" ಎಂಬ ಆದೇಶ ಹೊರಟಿತು. ಪಂಖದ ಮೇಲಿನ ಬಹಿಷ್ಕಾರವನ್ನು, ಏಸಿಯ ಜೊತೆಗಾದರೆ ಮಾತ್ರ, ಹಿಂತೆಗೆದುಕೊಂಡರು. ಬಾಗಿಲ ಕೆಳಗಿನ ಧೋತರದ ಚೂರುಗಳು ಮೇಲಿನ ಮಹಡಿಗೂ ವಿಸ್ತರಿಸಿದವು. ಆಮೇಲೆ ಒಂದು ದಿನ ಮಾಳಿಗೆಯ ಮೇಲೆ ಹೋಗಿ, ಯಂತ್ರದ ಹೊರಗಿನ ಪೆಟ್ಟಿಗೆಯು ಒಳಗಿನ ಬಿಸಿಯನ್ನೆಲ್ಲ ಹೊತ್ತು ತಂದು ನಡುಹಗಲ ಬಿಸಿಲಿನಲ್ಲಿ ನಿಂತು ಏದುಸಿರು ಬಿಡುತ್ತಿರುವುದನ್ನು ಕಂಡು, ಇಷ್ಟು ದಿನ ಯಾರೂ ತಮಗೆ ಇದನ್ನು ಹೇಳಲಿಲ್ಲವಲ್ಲ ಎಂದು ಬಹಳ ಹೊತ್ತು ಅದರ ಬಳಿಯೇ ನಿಂತರು. ಅದಕ್ಕೆ ನೆರಳಿದ್ದರೆ ಕರೆಂಟಿನ ಬಿಲ್ಲಿನಲ್ಲಿ ಅಷ್ಟಿಷ್ಟು ಉಳಿದೀತು. ಗಾಳಿ ಆಡಲು ಸುತ್ತ ಜಾಗವೂ ಬೇಕು. ಮರುದಿನ ಬೆಳಿಗ್ಗೆ, ಬಾಗಿಲುಗಳನ್ನೆಲ್ಲ ಮುಚ್ಚಿಸಿಯಾದ ಮೇಲೆ, ಅವರು ಓಣಿಯ ತುದಿಯಲ್ಲಿ ಬಿಸಿಲಿನಲ್ಲಿ ನಿಂತು ಚಪ್ಪರ ಕಟ್ಟುವವನೊಡನೆ ಸಿಂದಿಯ ಗರಿಗೆ ಚೌಕಾಸಿ ಮಾಡುತ್ತಿದ್ದರು. ಅವನು ಯಾವ ದೇವರ ಉತ್ಸವಕ್ಕೆಂದು ಕೇಳುತ್ತಿದ್ದನು.